ಗ್ರೀಸಿಲ್ಲದ ಗಾಲಿ

ಓವನ್ನಿನಿಂದ ಹೊರಬಂದ ಬ್ರೆಡ್ಡಿನ ಟ್ರಾಲಿಯ ಒಂದು ಗಾಲಿ ಹೊಗೆಯಾಡುತ್ತಿತ್ತು. ಬೇಕರಿಯ ಒಡತಿ ಮೂಗು ಹಿಡಿದುಕೊಂಡಳು.

"ಏನಮ್ಮಾ, ಹೊಗೆನೇ ಬರಲ್ಲ ಅಂದಿದ್ದೆ? ಈ ಬ್ರೆಡ್ ಯಾರಿಗೆ ಮಾರ್ಲಿ, ಲಾರಿ ಮೆಕ್ಯಾನಿಕ್‌ಗಳಿಗಾ?"

ಆ ಗಾಲಿಯನ್ನು ಸಿದ್ಧಮಾಡಿ ತಂದಿದ್ದ ಹುಡುಗಿ ಟ್ರಾಲಿಯ ಹತ್ತಿರ ಸರಿದಳು. ಅವಳ ಅಪ್ಪ ಇದೇ ಬೇಕರಿಯ ಫಿಟ್ಟರ್. ಎಲ್ಲರ ಬಾಯಲ್ಲೂ ಗ್ರೀಸಣ್ಣ. ಆತ ಯಾಕೋ ಫ್ಯಾನು ನೋಡುತ್ತ ನಿಂತಿದ್ದ.

ಇಲ್ಲಿ ನಾದಿದ ಹಿಟ್ಟು ಇರುಳೆಲ್ಲ ಕೋಲ್ಡ್ ರೂಮಿನಲ್ಲಿದ್ದು, ಬೆಳಿಗ್ಗೆ ಅದೇ ಟ್ರಾಲಿಯಲ್ಲಿ ನೆಟ್ಟಗೆ ಓವನ್ನಿಗೆ ಹೋಗುತ್ತದೆ. ಗಾಲಿಯ ಗ್ರೀಸು ಚಳಿಯಲ್ಲಿ ಮೇಣದಂತೆ ಗಟ್ಟಿಯಾಗಿ, ಓವನ್ನಿನಲ್ಲಿ ಸುಟ್ಟು ನಾರುತ್ತಿತ್ತು. ಅದಕ್ಕೇ ಮಗಳು ಬೇರಿಂಗಿನ ಒಳಮೈಗೆ ಜಾರುವ ಕಪ್ಪು ಪುಡಿಯ ತೆಳು ಲೇಪ ಸಿಂಪಡಿಸಿ, ಬಿಸಿಯಲ್ಲಿ ಒಣಗಿಸಿ ತಂದಿದ್ದಳು. ಚಳಿಗೂ ಬಗ್ಗದ, ಬೆಂಕಿಗೂ ಬಗ್ಗದ ಲೇಪ. ಟ್ರಾಲಿ ಚೆನ್ನಾಗಿ ಓಡಿದರೆ ಬೇಕರಿಯ ಎಲ್ಲ ಟ್ರಾಲಿಗಳ ಕೆಲಸವೂ ಅವಳಿಗೇ. ಮನೆಯ ಹಿಂದಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಒದ್ದಾಡಿದವಳಿಗೆ ಇದೇ ಮೊದಲ ಗಿರಾಕಿ.

ಬಗ್ಗಿ ನೋಡಿದಳು. ಬೇರಿಂಗಿನ ಅಂಚಿನಲ್ಲಿ ಕರಕಲಾದ ಜಿಡ್ಡು.

"ಅಪ್ಪಾ, ಇದಕ್ಕೆ ಗ್ರೀಸ್ ಹಾಕಿದ್ಯಾ?"

"ಹಾಕಿಲ್ಲ ಕಣೇ... ಒಂಚೂರು ಮುಟ್ಟಿಸ್ದೆ ಅಷ್ಟೇ. ಉಳಿದ ಗಾಲಿಗಳಿಗೂ ಮುಟ್ಟಿಸೋಣ ಅನ್ನೋಷ್ಟ್ರಲ್ಲಿ ನೀನು ಬಂದ್ಬಿಟ್ಟೆ."

"ಬೇಡ ಬೇಡ ಅಂತ ಎಷ್ಟು ಬಡ್ಕೊಂಡೆ! ಗ್ರೀಸ್ ಬಿದ್ರೆ ಲೇಪ ಹಾಳು ಅಂದಿರ್ಲಿಲ್ವಾ?"

"ಅಂದಿದ್ದೆ. ಆದ್ರೆ ಪಾಪ, ಒಣಕೊಂಡು ಕೂತಿತ್ತು. ಬೇರೆಯವ್ರ ಬೇರಿಂಗಾಗಿದ್ರೆ ಹಾಳಾಗ್ಹೋಗ್ಲಿ ಅಂತ ಬಿಡ್ತಿದ್ದೆ. ನಿಂದು. ಎಲ್ಲಾದ್ರೂ ಕೈಕೊಟ್ರೆ ಅಂತ..."

ಒಡತಿಗೆ ನಗು ತಡೆಯಲಾಗಲಿಲ್ಲ. "ಗ್ರೀಸಣ್ಣಾ, ಮದುವೇಲಿ ಹೆಂಡ್ತಿ ಉಂಗುರಕ್ಕೂ ಗ್ರೀಸ್ ಹಚ್ಚಿದ್ಯಂತೆ, ನಿಜಾನಾ?"

"ಸಲೀಸಾಗಿ ಹೋಯ್ತಲ್ಲ, ಅಮ್ಮಾವ್ರೇ."

"ಸರಿ, ನಾಳೆ ಇನ್ನೊಂದ್ಸಲ ನೋಡೋಣ. ಆಗ್ಲೂ ಹೊಗೆ ಬಂದ್ರೆ ನನಗೆ ಹಳೇ ಗಾಲಿಗಳೇ ಸಾಕು."

ಮಗಳ ಚೀಲದಲ್ಲಿ ಲೇಪ ಹಚ್ಚಿದ ಇನ್ನೊಂದು ಬೇರಿಂಗ್ ಇತ್ತು. ಅಪ್ಪನೇ ಕೂಡಿಸುತ್ತೇನೆಂದು ಕುಕ್ಕರುಗಾಲಲ್ಲಿ ಕೂತ.

"ಗ್ಲೌಸ್ ಹಾಕ್ಕೋಬೇಕಾ?"

"ಹಾಕ್ಕೋ ಮತ್ತೆ. ನಿನ್ನ ಬೆವರೂ ಗ್ರೀಸೇ."

ಬೇರಿಂಗ್ ಕೂಡಿಸಿ ಮುಗಿಸಿದವನು ತನ್ನ ಗ್ರೀಸ್ ಡಬ್ಬಿ ತಂದು ಅವಳ ಕೈಗಿಟ್ಟ. "ಇದನ್ನ ಮನೆಗೆ ತಗೊಂಡ್ಹೋಗು. ನನ್ನ ಮೇಲೆ ನನಗೇ ನಂಬಿಕೆ ಇಲ್ಲ."

ಮರುದಿನ ಬೆಳಿಗ್ಗೆ ಕೋಲ್ಡ್ ರೂಮಿನ ಬಾಗಿಲು ತೆರೆದಾಗ ಟ್ರಾಲಿ ಕಿರ್ರೆನ್ನದೆ ಹೊರಬಂದು ಓವನ್ನಿನೊಳಗೆ ಹೋಯಿತು. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬ್ರೆಡ್ಡು ಕೆಂಪಗೆ ಉಬ್ಬಿ ಬಂದಾಗ ಒಡತಿ ನೆಲಕ್ಕೆ ಮಂಡಿಯೂರಿ, ನಾಲ್ಕೂ ಗಾಲಿಗಳ ಬಳಿ ಮೂಗು ಒಯ್ದು ಮೂಸಿದಳು.

"ಬ್ರೆಡ್ ವಾಸ್ನೆ ಬಿಟ್ರೆ ಇನ್ನೇನೂ ಇಲ್ಲ," ಎಂದು ಏದುಸಿರು ಬಿಡುತ್ತ ಎದ್ದಳು. "ಉಳಿದ ಟ್ರಾಲಿಗಳ್ನ ಯಾವತ್ತು ತಗೋತೀಯಮ್ಮಾ?"

ಮಗಳು ಏನು ಹೇಳಿದಳೋ, ಓವನ್ನಿನ ಸದ್ದಿನಲ್ಲಿ ಅಪ್ಪನಿಗೆ ಕೇಳಿಸಲಿಲ್ಲ. ಆತ ಖಾಲಿಯಾದ ಟ್ರಾಲಿಯನ್ನು ಸುಮ್ಮನೆ ಒಮ್ಮೆ ತಳ್ಳಿದ. ಅದು ಕೋಣೆಯುದ್ದಕ್ಕೂ ತಾನಾಗಿಯೇ ಉರುಳಿಕೊಂಡು ಹೋಗಿ ಮಗಳ ಮುಂದೆ ನಿಂತಿತು. ಅವಳು ಅದನ್ನು ತಿರುಗಿಸಿ ಮತ್ತೆ ಅವನತ್ತ ತಳ್ಳಿದಳು.