ನೇರ ನೋಡಿದರೆ ಕಾಣುವುದಿಲ್ಲ

ವೃದ್ಧಾಶ್ರಮದ ಲಾಂಡ್ರಿಯಲ್ಲಿ ಬೆಳಿಗ್ಗೆ ಆರಕ್ಕೆ ಶುರುವಾದ ಕೆಲಸ ಮುಗಿಸಿ, ಸಂಜೆ ಮನೆಗೆ ಬಂದು ಬೂಟು ಬಿಚ್ಚುತ್ತಿದ್ದೆ. ಅಣ್ಣ ಆಸ್ಗರ್‌ನ ಫೋನು ಬಂತು.

“ಬೊಡಿಲ್, ಆಕಾಶ ನೋಡಿದ್ಯಾ? ಒಂದು ಚೂರೂ ಮೋಡ ಇಲ್ಲ.”

“ನಿಂಗೆ ಮೋಡ ಕಾಣ್ಸುತ್ತೇನೋ?” ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವನು ನಕ್ಕ. “ಇಲ್ಲ ಕಣೆ. ರೇಡಿಯೋದಲ್ಲಿ ಹೇಳಿದ್ರು.”

ಆಸ್ಗರ್ ನಲವತ್ತು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವನು. ಎರಡು ವರ್ಷದಿಂದ ಅವನ ಎರಡೂ ಕಣ್ಣುಗಳ ನಡುಭಾಗದ ದೃಷ್ಟಿ ಕೆಟ್ಟಿದೆ. ಏನನ್ನು ನೇರವಾಗಿ ನೋಡಿದರೂ ಅಲ್ಲೊಂದು ಬೂದು ಕಲೆ ಕೂತಿರುತ್ತದೆ. ಸುತ್ತಲಿನದು ಮಾತ್ರ ಕಾಣುತ್ತದೆ. ನನ್ನ ಮುಖವೂ ಅವನಿಗೆ ಕಾಣುವುದಿಲ್ಲ, ಹೆಜ್ಜೆ ಸಪ್ಪಳದಿಂದ ಗುರುತಿಸುತ್ತಾನೆ. ಕಾರಿನ ಲೈಸೆನ್ಸ್ ಹೋಯಿತು. ಮುಂದಿನ ಶನಿವಾರ ದೂರದರ್ಶಕವೂ ಹೋಗುವುದಿತ್ತು. ಕನ್ನಡಿಯನ್ನು ಕೈಯಾರೆ ಉಜ್ಜಿ ಹದಮಾಡಿ ಅವನೇ ಕಟ್ಟಿದ ದೂರದರ್ಶಕ ಅದು. ಪಕ್ಕದ ಊರಿನ ಖಗೋಳ ಸಂಘದವರು ವ್ಯಾನು ತಂದು ಒಯ್ಯುತ್ತೇವೆ ಎಂದಿದ್ದರು. ಇವತ್ತು ಕೊನೆಯ ಸಲ ಎಂದು ಅವನೇ ಹೇಳಿದ್ದ. ಆ ಒಂದು ಮಾತನ್ನು ನೆಚ್ಚಿಕೊಂಡೇ ನಾನು ಮತ್ತೆ ಬೂಟು ಹಾಕಿಕೊಂಡೆ.

ನಮ್ಮ ಮೋನ್ ದ್ವೀಪದ ಕತ್ತಲೆ ನೋಡಲು ಕೋಪನ್‌ಹೇಗನ್‌ನಿಂದ ಜನ ಬರುತ್ತಾರೆ. ನನಗೆ ಆ ಕತ್ತಲೆ ಎಂದರೆ ಒದ್ದೆ ಹುಲ್ಲು, ಕೊರೆಯುವ ಗಾಳಿ, ಸೊಂಟ ನೋವು. ಸಮುದ್ರದ ಪಕ್ಕದ ಹುಲ್ಲುಗಾವಲಿನಲ್ಲಿ ಇಬ್ಬರೂ ಸೇರಿ ದೂರದರ್ಶಕದ ಆ ಭಾರದ ಕೊಳವೆಯನ್ನು ಕಾರಿನಿಂದ ಇಳಿಸಿ ನಿಲ್ಲಿಸುವಷ್ಟರಲ್ಲಿ ನನಗೆ ಏದುಸಿರು.

ಮೊದಲು ಶನಿಗ್ರಹಕ್ಕೆ ತಿರುಗಿಸಿದೆವು. ಆಸ್ಗರ್ ಬಗ್ಗಿ ಕಣ್ಣಿಟ್ಟ.

“ನೋಡಿದ ಕೂಡ್ಲೆ ಮಾಯ ಆಗುತ್ತೆ,” ಎಂದ ಕೊನೆಗೆ. “ನೀನು ನೋಡಿ ಹೇಳು.”

ನಾನು ನೋಡಿದೆ. “ಇದೆ. ಬಳೆ ಹಾಕ್ಕೊಂಡಿದೆ.”

“ಅಷ್ಟೇನಾ?”

“ಬೆಳಿಗ್ಗೆಯಿಂದ ಮುನ್ನೂರು ಬೆಡ್‌ಶೀಟ್ ಮಡಚಿದೀನಿ ಆಸ್ಗರ್. ನನ್ನ ಕೈಲಿ ಕವಿತೆ ಹೇಳಿಸ್ಬೇಡ.”

ಅವನು ಕಾರಿಗೆ ಒರಗಿ ನಿಂತ. ಹೋಗೋಣ ಎನ್ನುತ್ತಾನೆಂದು ಕಾದೆ. “ಇನ್ನೊಂದೇ ಒಂದು,” ಎಂದ. ನೆತ್ತಿಯ ಮೇಲಿದ್ದ ಕಿತ್ತಳೆ ಬಣ್ಣದ ನಕ್ಷತ್ರವೊಂದಕ್ಕೆ ಗುರಿಯಿಡಿಸಿದ. ಅಲ್ಲಿಂದ ಪೂರ್ವಕ್ಕೆ ಒಂಚೂರು, ಇನ್ನೊಂಚೂರು. ಅಲ್ಲೊಂದು ಗೆಲಾಕ್ಸಿ ಇದೆಯಂತೆ, ಅಂಚಿನಿಂದ ಕಾಣುವಂಥದ್ದು. ಅದರ ಬೆಳಕು ಹೊರಟು ಮೂರು ಕೋಟಿ ವರ್ಷವಾಯಿತಂತೆ. ನಾನು ಕಣ್ಣು ಕಿರಿದು ಮಾಡಿ ದಿಟ್ಟಿಸಿದೆ. ಏನೂ ಇಲ್ಲ.

“ಇಲ್ಲಿ ಬರೀ ಕತ್ತಲೆ ಕಣೋ.”

“ಸರಿ, ಈಚೆ ಬಾ.”

ಕಣ್ಣಿಟ್ಟು, ಬೆರಳ ತುದಿಯಿಂದ ಕೊಳವೆಯನ್ನು ಕೂದಲೆಳೆಯಷ್ಟು ಸರಿಸಿದ. ಮತ್ತೆ ಸರಿಸಿದ. ಆಮೇಲೆ ಅಲ್ಲಾಡಲೇ ಇಲ್ಲ. ನನಗೆ ಹೆದರಿಕೆಯಾಯಿತು.

“ಆಸ್ಗರ್?”

“ಇದೆ ಕಣೆ.” ಅವನ ದನಿ ಒಡೆದಿತ್ತು. “ಹಾಗೇ ಇದೆ. ಮುಂಚಿನ ಥರಾನೇ.”

ಅವನು ವಿವರಿಸಿದ. ಇಷ್ಟು ಮಂಕಾದದ್ದು ನೇರ ನೋಟಕ್ಕೆ ಯಾರಿಗೂ ಕಾಣುವುದಿಲ್ಲ. ಕಣ್ಣಿನ ಅಂಚಿನಿಂದಲೇ ನೋಡಬೇಕು. ಅವನಲ್ಲಿ ಉಳಿದಿರುವುದು ಆ ಅಂಚೇ. ಎರಡು ವರ್ಷದಿಂದ ಗ್ರಹ, ಚಂದ್ರ ಎಂದು ಕಾಣದ್ದರ ಹಿಂದೆಯೇ ಬಿದ್ದು ಸೋತವನು, ಮಂಕಾದವುಗಳ ಕಡೆ ದೂರದರ್ಶಕವನ್ನು ಒಮ್ಮೆಯೂ ತಿರುಗಿಸಿರಲಿಲ್ಲ.

“ನೀನೂ ನೋಡು. ಪಕ್ಕಕ್ಕೆ ನೋಡು.”

ದಿಟ್ಟಿಸುವ ಶಕ್ತಿ ನನಗಿರಲೂ ಇಲ್ಲ. ಕಣ್ಣು ಎತ್ತಲೋ ಜಾರಿತು. ಆಗ ನಡುವೆ ಒಂದು ಗೆರೆ ಕಂಡಿತು. ಸೀಮೆಸುಣ್ಣದ ಗೆರೆಯನ್ನು ಯಾರೋ ಒರೆಸಿ ಅರ್ಧಕ್ಕೆ ಬಿಟ್ಟ ಹಾಗೆ. ಅದನ್ನೇ ಹಿಡಿಯಲು ಹೋದೆ, ಹೋಯಿತು. ಬಿಟ್ಟೆ, ಬಂತು. ಎಷ್ಟು ಹೊತ್ತು ಹಾಗೆ ಬಗ್ಗಿ ನಿಂತಿದ್ದೆನೋ, ಸೊಂಟದ ನೆನಪೇ ಆಗಲಿಲ್ಲ. ಅಲ್ಲಿಯೂ ಯಾರಾದರೂ ಇದ್ದಾರೆಯೇ ಎಂದು ಕೇಳಬೇಕೆನಿಸಿತು. ಕೇಳಿದೆ.

“ಯಾರಿಗೆ ಗೊತ್ತು? ನಂಗಂತೂ ಗೊತ್ತಿಲ್ಲ,” ಎಂದ. ಗೊತ್ತಿಲ್ಲ ಎನ್ನುವುದರಲ್ಲೂ ಅವನಿಗೆ ಸಂತೋಷವಿತ್ತು.

ಕೊಳವೆಯನ್ನು ಕಾರಿಗೆ ಹೇರುವಾಗ ಅವನು ಕೇಳಿದ. “ಸಂಘದವರಿಗೆ ಬೇಡ ಅಂತ ಹೇಳ್ಬಿಡ್ಲಾ?”

ನಾನು ಡಿಕ್ಕಿಗೆ ಕೈಯೂರಿ ನಿಂತೆ. ಅಳು ಬರುವಷ್ಟು ದಣಿವಾಗಿತ್ತು. “ಅಂದ್ರೆ, ನಾನು ಸಾಯೋ ತನಕ ನಿನ್ನ ಕರ್ಕೊಂಡು ಬರ್ತಿರ್ಬೇಕಾ?”

“ತಿಂಗಳಿಗೆ ನಾಕು ರಾತ್ರಿ.”

“ಎರಡು. ಅದೂ ಮಾರನೇ ದಿನ ನಂಗೆ ರಜೆ ಇದ್ರೆ.”

“ಕಾಫಿ ನಂದು.”

“ನಿನ್ನ ಕಾಫಿ ಯಾರು ಕುಡೀತಾರೆ?” ಎಂದು ಡಿಕ್ಕಿ ಮುಚ್ಚಿದೆ.

ಸೀಟಿನಲ್ಲಿ ಕೂತು ಕಾರಿನ ಕೀ ತೂರಿಸಿದ್ದಷ್ಟೇ ನೆನಪು. ಎಚ್ಚರವಾದಾಗ ಅವನ ಕೋಟು ನನ್ನ ಮೇಲಿತ್ತು, ಸಮುದ್ರದ ಮೇಲೆ ಬೆಳಕು ಹರಿಯುತ್ತಿತ್ತು. ಆಸ್ಗರ್ ಪಕ್ಕದಲ್ಲಿ ಕೈಗಳನ್ನು ಕಂಕುಳಲ್ಲಿಟ್ಟು ನಡುಗುತ್ತ ಕೂತಿದ್ದ.

“ನನ್ನ ಎಬ್ಬಿಸೋಕೇನಾಗಿತ್ತೋ ನಿಂಗೆ?”

“ಗೊರಕೆ ಹೊಡೀತಿದ್ದೆ. ಪಾಪ ಅನ್ನಿಸ್ತು.”

ಕೆಲಸಕ್ಕೆ ಆಗಲೇ ತಡವಾಗಿತ್ತು. ಹೀಟರ್ ಹಾಕಿ ಕಾರು ಹೊರಡಿಸಿದೆ.