‘ನಮ್ಮುಡ್ಗಿಗೆ ಏನೂ ಗೊತ್ತಿಲ್ಲ ಸಾ’

ಊರೆಲ್ಲ ಮಲಗಿದ ಮೇಲೆ ಒಳಕೋಣೆಯಿಂದ ‘ಸರ್ರ್’ ಅಂತ ಒಂದು ಸಣ್ಣ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ‘ಸರ್ರ್’. ನಡುಮನೆಯಲ್ಲಿ ಮಲಗಿದ್ದ ಚಲುವರಾಜು ಮೊದಲು ಇಲಿ ಅಂದುಕೊಂಡ. ಆಮೇಲೆ ತಿಳಿಯಿತು, ಅದು ಮಗಳು ನಯನಳ ಫೈಲಿನ ಜಿಪ್ಪು. ಮಾರ್ಕ್ಸ್ ಕಾರ್ಡುಗಳನ್ನು ತೆಗೆಯುತ್ತಾಳೆ, ನೋಡುತ್ತಾಳೆ, ಮತ್ತೆ ಒಳಗಿಟ್ಟು ಮುಚ್ಚುತ್ತಾಳೆ.

ಪಕ್ಕದಲ್ಲಿ ಹೆಂಡತಿ ಬೆಟ್ಟಮ್ಮನಿಗೂ ಎಚ್ಚರವಿತ್ತು.

“ಕೇಳುಸ್ತಾ?”

“ಊಂ.”

“ದಿನಾ ಇಂಗೇಯ. ಇನ್ನೊಂದ್ ಕಿತ ಆಗ್ನಿಲ್ಲ ಅಂದ್ರೆ ಅರ್ಜಿ ಆಕೋದೇ ಬುಟ್ಬುಡ್ತೀನಿ ಅಂತಾವ್ಳೆ. ಅಷ್ಟು ಓದಿರೋ ಮಗ ಇಂಗೆ ಕುಗ್ಗೋಯ್ತಾ ಅದೆ, ಎದೆ ಉರೀತದೆ ನಂಗೆ.”

ಬಸರಾಳಿನ ಹತ್ತಿರದ ಆ ಹಳ್ಳಿಯಲ್ಲಿ ಚಲುವರಾಜುವಿಗೆ ಕಬ್ಬಿನ ಗದ್ದೆಯಿದೆ, ತಮ್ಮನ ಜೊತೆ ಪಾಲಿನಲ್ಲಿ ಒಂದು ಆಲೆಮನೆಯಿದೆ. ನಯನ ಮಂಡ್ಯದಲ್ಲಿ ಬಿ.ಎಸ್ಸಿ. ಮುಗಿಸಿ ಒಂದು ವರ್ಷ ದಾಟಿತ್ತು. ಮದ್ದೂರಿನ ಒಂದು ಲ್ಯಾಬಿನವರು ಸಂದರ್ಶನಕ್ಕೆ ಕರೆದರು, ಆಗಲಿಲ್ಲ. ಮಳವಳ್ಳಿಯ ಒಂದು ಶಾಲೆಯವರು ಕರೆದರು, ಅದೂ ಆಗಲಿಲ್ಲ. ಎರಡು ಕಡೆಗೂ ಚಲುವರಾಜು ಜೊತೆಗೆ ಹೋಗಿದ್ದ. ಗುರುತಿಲ್ಲದ ಜಾಗದಲ್ಲಿ ದೊಡ್ಡವರು ಮುಂದೆ ನಿಂತು ಮಾತಾಡಿಸಬೇಡವೇ? ಕೈಯಲ್ಲಿ ಅಚ್ಚುಬೆಲ್ಲದ ಚೀಲ ಬೇರೆ. ಇನ್ನೇನು ಕಮ್ಮಿಯಾಯಿತು ಎಂದು ಅವನಿಗೆ ಹೊಳೆಯುತ್ತಿರಲಿಲ್ಲ.

ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವಾಗ ಎದುರುಮನೆಯ ಸೊಸೆ ರಂಜಿತ ಸಿಕ್ಕಿದಳು. ಅವಳು ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಬಸ್ಸಿಗೆ ಹೊರಟಿದ್ದವಳು ನಿಂತಳು.

“ಮಾವ, ನಯನನ್ನ ಒಂದ್ಸಲ ಮಂಡ್ಯಕ್ಕೆ ಕಳ್ಸಿ. ಹರಿಪ್ರಿಯಾ ಮೇಡಂ ಅಂತವ್ರೆ. ಕೆರಿಯರ್ ಕೋಚ್ ಅವ್ರು.”

“ಕೋಚಾ? ಕೋಚು ಅಂದ್ರೆ ಕಬಡ್ಡಿ ಆಡ್ಸೋರಲ್ವೇನವ್ವ?” ಚಲುವರಾಜು ನಕ್ಕ. ಹರೆಯದಲ್ಲಿ ಊರಿನ ತಂಡಕ್ಕೆ ಆಡಿದವನು ಅವನು. “ನಯನನ್ನ ಕಬಡ್ಡಿಗೆ ಬುಟ್ರೆ ಮೊದಲ್ನೇ ರೈಡಿಗೇ ಔಟು.”

“ತಮಾಸೆ ಸಾಕು ಮಾವ. ಕೆಲ್ಸ ಉಡುಕೋರಿಗೆ ದಾರಿ ತೋರ್ಸೋರು. ನನ್ಗೂ ಅವ್ರೇ ತೋರ್ಸಿದ್ದು.”

“ಕೆಲ್ಸ ಕೊಡುಸ್ತಾರಾ?”

“ಇಲ್ಲ.”

“ಮಿನಿಸ್ಟ್ರು ಗಿನಿಸ್ಟ್ರು ಗೊತ್ತಾ?”

“ಅದೂ ಇಲ್ಲ.”

“ಮತ್ತಿನ್ಯಾಕವ್ವ? ಮದುವೆ ಮಾಡ್ಸದೆ ಬರೀ ಉಂಡೋಗೋ ದಲ್ಲಾಳಿ ಇದ್ದಂಗಾಯ್ತು!”

“ನೀವೊಳ್ಳೆ! ಕೊಡುಸ್ತೀನಿ ಅನ್ನೋರ ಅಟ್ಟೀಗೇ ಓಗ್ಬಾರ್ದು ಮಾವ. ಕಾಸು ತಕಂಡು ಫೋನ್ ಆಫ್ ಮಾಡ್ಕತಾರೆ. ಇವ್ರು ಕೊಡ್ಸಲ್ಲ, ನಾವೇ ತಕಳ್ಳಂಗೆ ಮಾಡ್ತಾರೆ.” ಬಸ್ಸಿನ ಹಾರನ್ನು ಕೇಳಿ ರಂಜಿತ ಓಡಿದಳು.

ಚಲುವರಾಜು ಒಪ್ಪಲಿಲ್ಲ. ಆದರೆ ಬೆಟ್ಟಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ, ಮೂರನೆಯ ದಿನ ಅವನೇ ಚಪ್ಪಲಿ ಮೆಟ್ಟಿಕೊಂಡು ಮಗಳ ಜೊತೆ ಬಸ್ಸು ಹತ್ತಿದ.

ಹರಿಪ್ರಿಯಾ ಅವರು ಮನೆಯ ಮುಂದಿನ ಕೋಣೆಯಲ್ಲೇ ಕೂತು ಕೆಲಸ ಮಾಡುವವರು. ಬಹಳ ವರ್ಷ ಒಂದು ಕಾರ್ಖಾನೆಯಲ್ಲಿ ಜನರನ್ನು ಕೆಲಸಕ್ಕೆ ಆರಿಸುವ ವಿಭಾಗದಲ್ಲಿದ್ದವರು. ಆ ಕಡೆಯ ಕುರ್ಚಿ ಹೇಗಿರುತ್ತದೆ ಎಂದು ಅವರಿಗೆ ಗೊತ್ತು. ಕಾಫಿ ಕೊಟ್ಟರು, ಫ್ಯಾನು ಹಾಕಿದರು. ಫೈಲು ಕೇಳಲಿಲ್ಲ.

“ನಯನ, ನೀನು ಏನೇನು ಮಾಡಬಲ್ಲೆ? ಹೇಳಮ್ಮ.”

ನಯನ ಬಾಯಿ ತೆರೆಯುವ ಮೊದಲೇ ಚಲುವರಾಜು ಎದ್ದು ನಿಂತು ಕೈ ಮುಗಿದ. “ನಮ್ಮುಡ್ಗಿಗೆ ಏನೂ ಗೊತ್ತಿಲ್ಲ ಮೇಡಂ. ಏನೂ ತಿಳೀದ ಮಗ. ನಿಮ್ಮ ಮಗಳು ಅಂದ್ಕಳಿ, ನೀವೇ ತಿದ್ಕಬೇಕು.”

ಹರಿಪ್ರಿಯಾ ನಗಲಿಲ್ಲ, ಸಿಡುಕಲೂ ಇಲ್ಲ. “ಈ ಮಾತು ಮದ್ದೂರಲ್ಲೂ ಹೇಳಿದ್ರಾ?”

“ಏಳ್ದೆ ಇರ್ತೀನಾ ಮೇಡಂ? ಮಳವಳ್ಳೀಲೂ ಏಳ್ದೆ.”

“ನೀನಮ್ಮ?”

ನಯನ ತಲೆ ತಗ್ಗಿಸಿದಳು. “ಅಪ್ಪ ಹೇಳಿದ ಮೇಲೆ ನಾನೂ ಅದನ್ನೇ ಹೇಳಿದೆ ಮೇಡಂ. ಏನೂ ಗೊತ್ತಿಲ್ಲ, ಕಲೀತೀನಿ ಅಂತ.”

ಹರಿಪ್ರಿಯಾ ಚಲುವರಾಜುವಿನ ಕಡೆ ತಿರುಗಿದರು. “ಅದು ಗೌರವದ ಮಾತು. ನನ್ನನ್ನ ಸಂಗೀತಕ್ಕೆ ಸೇರಿಸುವಾಗ ನಮ್ಮ ತಂದೆಯೂ ಹೀಗೇ ಹೇಳಿದ್ರು. ಗುರುಗಳಿಗೆ ಅದರ ಅರ್ಥ ಗೊತ್ತಾಗುತ್ತೆ. ಆದರೆ ಕೆಲಸ ಕೊಡೋರು ಗುರುಗಳಲ್ಲ ನೋಡಿ. ಏನೂ ಗೊತ್ತಿಲ್ಲ ಅಂದರೆ, ಹೇಳಿದ ಹಾಗೇ ನಂಬಿಬಿಡ್ತಾರೆ.”

ಚಲುವರಾಜುವಿನ ಕೆನ್ನೆಗೆ ಬಿಸಿ ತಾಗಿದಂತಾಯಿತು. ಎರಡೆರಡು ಕಡೆ, ಬೆಲ್ಲದ ಚೀಲ ಹಿಡಿದು ಹೋಗಿ, ತನ್ನ ಮಗಳಿಗೆ ತಾನೇ ಅಡ್ಡ ನಿಂತಿದ್ದನೇ?

“ಈಗ ನಾನು ಬೇರೆ ತರಹ ಕೇಳ್ತೀನಿ,” ಎಂದರು ಹರಿಪ್ರಿಯಾ. “ಆಲೆಮನೆ ನಡೆಯೋ ದಿನಗಳಲ್ಲಿ ನೀನು ಏನು ಮಾಡ್ತೀಯಾ?”

“ಏನಿಲ್ಲ ಮೇಡಂ, ಸುಮ್ನೆ ಇರ್ತೀನಿ ಅಲ್ಲಿ.”

“ಸುಮ್ನೆ ಅಂದರೆ?”

“ಸುಮ್ನೆ... ಕೊಳೆ ಬಿಡ್ಲಿ ಅಂತ ಕೊಪ್ಪರಿಗೆಗೆ ಸುಣ್ಣ ಹಾಕ್ತಾರಲ್ಲ, ಅದಕ್ಕೆ ಮೊದಲು ಕಬ್ಬಿನ ಹಾಲು ನೋಡ್ತೀನಿ. ಕಾಲೇಜಲ್ಲಿ ಹುಳಿ ಎಷ್ಟಿದೆ ಅಂತ ನೋಡೋ ಪೇಪರ್ ಇರುತ್ತಲ್ಲ, ಅದ್ರಲ್ಲಿ. ಎಲ್ಲಾ ದಿನದ ಹಾಲೂ ಒಂದೇ ತರ ಇರಲ್ಲ. ಸುಣ್ಣ ಜಾಸ್ತಿ ಆದ್ರೆ ಬೆಲ್ಲ ಕಪ್ಪಾಗುತ್ತೆ. ಪಾಕ ಕಾಯಿಸೋ ಕೆಂಪಸಿದ್ದಯ್ಯಣ್ಣ ಈಗ ನನ್ನ ಕೇಳ್ಕೊಂಡೇ ಹಾಕ್ತಾರೆ.”

ಚಲುವರಾಜು ಮಗಳನ್ನು ನೋಡಿದ. ಈ ಸಲದ ಬೆಲ್ಲ ಬಂಗಾರದ ಬಣ್ಣ ಬಂದು ಮಂಡಿಯಲ್ಲಿ ಎಲ್ಲರೂ ಹೊಗಳಿದ್ದರು. ಅವನು ಅದನ್ನು ಹೊಸ ತಳಿಯ ಕಬ್ಬಿನ ಗುಣ ಅಂದುಕೊಂಡಿದ್ದ.

“ನಂಗ್ಯಾಕೆ ಏಳ್ನಿಲ್ಲ ಮಗಾ?”

“ನೀವು ಕೇಳ್ನಿಲ್ಲ ಅಪ್ಪ.”

ಹರಿಪ್ರಿಯಾ ಅವರ ಮುಖ ಅರಳಿತ್ತು. “ಇದನ್ನೇ ಅಲ್ಲವೇನಮ್ಮ ಕೆಲಸ ಕೊಡೋರು ಹುಡುಕ್ತಾ ಇರೋದು! ಇನ್ನು ಮೇಲೆ ‘ಸುಮ್ನೆ’ ಅನ್ನೋ ಪದ ನನ್ನ ಮುಂದೆ ಆಡಬೇಡ.”

ಅಂದಿನಿಂದ ವಾರಕ್ಕೊಮ್ಮೆ ನಯನ ಮಂಡ್ಯಕ್ಕೆ ಹೋದಳು. ಹರಿಪ್ರಿಯಾ ಅವಳ ಪರಿಚಯವನ್ನು ಒಂದೇ ಪುಟಕ್ಕೆ ಇಳಿಸಿದರು. ಅದರಲ್ಲಿ ಆಲೆಮನೆಯ ಪರೀಕ್ಷೆಯೇ ಮೇಲೆ ಬಂತು. ಯಾವ ಕಂಪನಿಗೆ ಹೋಗುತ್ತೀಯೋ ಅದು ಏನು ತಯಾರಿಸುತ್ತದೆ ಎಂದು ಮೊದಲು ತಿಳಿದುಕೋ ಅಂದರು. ಮೇಜಿನ ಆಚೆ ತಾವು ಕೂತು, ಸಂದರ್ಶನ ಮಾಡುವವರಂತೆ ಮುಖ ಬಿಗಿದು ಪ್ರಶ್ನೆ ಕೇಳಿದರು. ಮೊದಲ ಸಲ ನಯನ ಅತ್ತುಬಿಟ್ಟಳು. ಹರಿಪ್ರಿಯಾ ನೀರು ಕೊಟ್ಟು, “ಇಲ್ಲಿ ಅತ್ತಿದ್ದು ಒಳ್ಳೇದಾಯ್ತು, ಅಲ್ಲಿ ಅಳು ಬರಲ್ಲ,” ಎಂದು ಮತ್ತೆ ಅದೇ ಪ್ರಶ್ನೆ ಕೇಳಿದರು.

“ನಮ್ದು ಹಳ್ಳಿ ಭಾಷೆ ಮೇಡಂ, ನಗ್ತಾರೆ,” ಎಂದು ನಯನ ಒಂದು ದಿನ ಹೇಳಿದಾಗ ಅವರೆಂದರು: “ನಿಧಾನವಾಗಿ, ಪೂರ್ತಿ ವಾಕ್ಯ ಹೇಳು. ಅಷ್ಟೇ ಸಾಕು. ಗೊತ್ತಿಲ್ಲದ್ದನ್ನ ಕೇಳಿದರೆ, ‘ಇದು ಮಾಡಿಲ್ಲ, ಇದರ ಹತ್ತಿರದ್ದು ಇಂಥದ್ದು ಮಾಡಿದ್ದೀನಿ’ ಅನ್ನು.”

ಇಷ್ಟಾದರೂ ಮುಂದಿನ ಸಂದರ್ಶನ ಕೈಕೊಟ್ಟಿತು. ಚಲುವರಾಜು ಅದಕ್ಕೇ ಕಾದಿದ್ದವನ ಹಾಗೆ ರಂಜಿತಳನ್ನು ದಾರಿಯಲ್ಲೇ ಹಿಡಿದ. “ಏನಾಯ್ತವ್ವ ನಿನ್ ಕೋಚು?”

ರಂಜಿತ ಬಿಡಲಿಲ್ಲ. “ಒಂದು ಮ್ಯಾಚ್ ಸೋತ್ರೆ ನೀವು ಊರು ಬುಟ್ಟೋಯ್ತಿದ್ರಾ ಮಾವ?”

ಅತ್ತ ಹರಿಪ್ರಿಯಾ, ಬೇಡವೆಂದವರಿಗೇ ಫೋನು ಮಾಡಿ ಕಾರಣ ಕೇಳುವಂತೆ ನಯನಳಿಗೆ ಹೇಳಿದ್ದರು. ನಯನ ಹೆದರುತ್ತ ಕೇಳಿದಳು. ಅವರು ಬೇಸರಿಸದೆ ಹೇಳಿದರು: ಪರೀಕ್ಷೆಯ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಹಾಕಲು ಬರಬೇಕಿತ್ತು. ಮಾರನೆಯ ದಿನವೇ ನಯನ ಬಸರಾಳಿನ ಕಂಪ್ಯೂಟರ್ ತರಗತಿಗೆ ಸೇರಿದಳು. ಒಂದು ‘ಇಲ್ಲ’ವನ್ನು ಹೀಗೂ ಬಳಸಿಕೊಳ್ಳಬಹುದು ಎಂದು ಚಲುವರಾಜು ಅಲ್ಲಿಯವರೆಗೆ ಕಂಡಿರಲಿಲ್ಲ. ಮಗಳು ರಾತ್ರಿ ಊಟಕ್ಕೆ ಕೂತಾಗ ಕಲಿತದ್ದನ್ನು ತಾನಾಗಿಯೇ ಹೇಳತೊಡಗಿದ್ದನ್ನೂ ಅವನು ಗಮನಿಸಿದ.

ಆಮೇಲೆ ಗೆಜ್ಜಲಗೆರೆಯಿಂದ ಕರೆ ಬಂತು. ರಂಜಿತಳದ್ದಲ್ಲ, ತಿಂಡಿ ತಿನಿಸು ತಯಾರಿಸುವ ಬೇರೊಂದು ಕಾರ್ಖಾನೆ. ಎಣ್ಣೆ, ಹಿಟ್ಟು, ಬೆಲ್ಲ ಪರೀಕ್ಷಿಸುವ ಲ್ಯಾಬಿನಲ್ಲಿ ಒಂದು ಜಾಗ ಖಾಲಿಯಿತ್ತು. ಸಂದರ್ಶನದ ಹಿಂದಿನ ದಿನ ಚಲುವರಾಜುವೂ ಮಂಡ್ಯಕ್ಕೆ ಹೋದ. ಅವನ ಕೈಚೀಲದ ಕಡೆ ಹರಿಪ್ರಿಯಾ ನೋಡಿದರು.

“ಬೆಲ್ಲ ತಾನೆ? ಅದನ್ನ ನನಗೆ ಕೊಟ್ಟುಬಿಡಿ. ನಾಳೆ ಬೇಡ.”

“ಆಯ್ತು ಮೇಡಂ. ನಾನು ಬಾಗ್ಲ ತಾವ ನಿಂತ್ಕಳ್ಳದಾ?”

“ನೀವು ಕಬಡ್ಡಿ ಆಡಿದವರಂತೆ, ರಂಜಿತ ಹೇಳಿದಳು. ನಿಮ್ಮ ಕೋಚ್ ಎಲ್ಲಿ ನಿಲ್ತಿದ್ರು?”

“ಗೆರೆಯಿಂದಾಚೆ.”

“ನೀವು ಔಟಾಗೋ ಹಾಗಿದ್ದರೆ ಒಳಗೆ ನುಗ್ಗಿ ಬಿಡಿಸ್ತಿದ್ರಾ?”

“ಅದೆಂಗಾಯ್ತದೆ ಮೇಡಂ? ಆಟವೇ ಕೆಟ್ಟೋಯ್ತದೆ.”

“ನಾನೂ ನೀವೂ ಈಗ ಗೆರೆಯಿಂದಾಚೆ.”

ಚಲುವರಾಜು ಬೆಲ್ಲದ ಚೀಲವನ್ನು ಮೇಜಿನ ಮೇಲಿಟ್ಟು ಕೈ ಮುಗಿದ.

ಮಾರನೆಯ ದಿನ ನಯನ ಗೇಟಿನೊಳಗೆ ಒಬ್ಬಳೇ ಹೋದಳು. ಚಲುವರಾಜು ರಸ್ತೆಯ ಈಚೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತ. ಟೀ ಆರಿತು. ಅವನ ಕಣ್ಣು ಗೇಟನ್ನು ಬಿಟ್ಟಿರಲಿಲ್ಲ. ಆಗ ಬೈಕೊಂದು ಪಕ್ಕಕ್ಕೆ ನಿಂತಿತು. ಬೆಟ್ಟಮ್ಮನ ತವರೂರಿನ ಶಿವಣ್ಣ. ಅದೇ ಕಾರ್ಖಾನೆಯ ಉಗ್ರಾಣದಲ್ಲಿ ಅವನಿಗೆ ಕೆಲಸ.

“ಏನ್ ಬಾವ, ಇಲ್ಲಿ?”

“ಮಗಳು ಒಳಗವ್ಳೆ ಕಣಪ್ಪ. ಇಂಟ್ರೂ.”

“ಅಯ್ಯೋ, ನಂಗೊಂದ್ ಮಾತು ಏಳ್ಬಾರ್ದಾ! ಒಳಗೆ ಕೂತಿರೋರು ನಮ್ಗೆ ಬೇಕಾದೋರೇಯ. ತಾಳಿ, ಈಗ್ಲೇ ಫೋನ್ ಆಕ್ತೀನಿ.”

ಶಿವಣ್ಣನ ಕೈ ಜೇಬಿಗೆ ಹೋಯಿತು. ಚಲುವರಾಜು ಜೀವಮಾನವೆಲ್ಲ ಹುಡುಕಿಕೊಂಡು ಅಲೆದ ಮಾತು ಅದು, ತಾನಾಗಿ ಬೆಂಚಿನ ಬಳಿ ಬಂದು ನಿಂತಿತ್ತು. ‘ಊಂ’ ಅಂದರೆ ಸಾಕು. ಹೋದ ಸಲದ ಸೋಲನ್ನು ಮಗಳು ಹೇಗೋ ತಡೆದುಕೊಂಡಳು, ಇನ್ನೊಂದು ಸಲ ಸೋತು ಅರ್ಜಿ ಹಾಕುವುದನ್ನೇ ಬಿಟ್ಟುಬಿಟ್ಟರೆ?

“ಬ್ಯಾಡ ಕಣ್ಲಾ ಶಿವಣ್ಣ.”

“ಯಾಕ್ ಬಾವ?”

“ಅವ್ಳು ಮಾತಾಡ್ತಾವ್ಳೆ.”

ಶಿವಣ್ಣನಿಗೆ ಅರ್ಥವಾಗಲಿಲ್ಲ. “ಬುಡಿ, ನಿಮ್ಗೆ ಬ್ಯಾಡಾಂದ್ರೆ ನಂಗೇನು,” ಎಂದು ಮುನಿಸಿನಿಂದ ಬೈಕು ಒದ್ದು ಹೊರಟುಹೋದ. ಸರಿ ಮಾಡಿದೆನೋ, ಮಗಳ ಅನ್ನ ಕಿತ್ತೆನೋ, ಚಲುವರಾಜುವಿಗೇ ತಿಳಿಯದು.

ನಯನ ಹೊರಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ರಸ್ತೆ ದಾಟುವಾಗಲೇ ಶುರು ಮಾಡಿದಳು. “ಅಪ್ಪ, ಒಂದು ಬೆಲ್ಲದ ಅಚ್ಚು ಮುಂದಿಟ್ಟು ಇದು ಯಾಕೆ ಕಪ್ಪಾಯ್ತು ಅಂತ ಕೇಳುದ್ರು! ನಾನು ಏಳ್ತಾನೇ ಇದ್ದೆ, ಅವ್ರು ಕೇಳ್ತಾನೇ ಇದ್ರು. ಒಂದು ಮಿಷಿನ್ನು ಗೊತ್ತಿರ್ನಿಲ್ಲ. ಗೊತ್ತಿಲ್ಲ, ಇಂಥದ್ದು ಗೊತ್ತು ಅಂದೆ.” ಮಗಳು ಇಷ್ಟು ಮಾತಾಡಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ಕೆಲಸ ಸಿಗದಿದ್ದರೂ ಚಿಂತೆಯಿಲ್ಲ ಅನ್ನಿಸಿತು ಒಂದು ಗಳಿಗೆ.

ಸಿಕ್ಕಿತು. ವಾರ ಕಳೆಯುವುದರೊಳಗೆ ಫೋನು ಬಂತು. ಬೆಟ್ಟಮ್ಮ ಮೊದಲು ಓಡಿದ್ದು ಎದುರುಮನೆಗೆ, ರಂಜಿತಳ ಬಾಯಿಗೆ ಬೆಲ್ಲ ಹಾಕಲು.

ಈಗ ಊರಲ್ಲಿ ಮಕ್ಕಳು ಓದಿ ಮನೆಯಲ್ಲಿರುವ ಅಪ್ಪಂದಿರು ಚಲುವರಾಜುವನ್ನು ಹುಡುಕಿಕೊಂಡು ಬರುತ್ತಾರೆ. ಅವನು ಅವರಿಗೆ ಹೇಳುವುದನ್ನೇ ನಿಮಗೂ ಹೇಳಬೇಕಿದೆ. ಓದಿ ಮುಗಿಸಿದ ಮಗ, ಮಗಳು ನಿಮ್ಮ ಮನೆಯಲ್ಲೂ ಇರಬಹುದು. ಅವರು ದಡ್ಡರಲ್ಲ. ತಮಗೆ ಗೊತ್ತಿರುವುದನ್ನು ಹೇಳುವುದು ಹೇಗೆಂದು ಅವರಿಗೆ ಯಾರೂ ಕಲಿಸಿಲ್ಲ, ಅಷ್ಟೆ. ಅದನ್ನು ಕಲಿಸುವವರು ಇದ್ದಾರೆ. ಓದಿದ ಕಾಲೇಜಿನಲ್ಲಿ ಕೇಳಿ, ಉದ್ಯೋಗ ವಿನಿಮಯ ಕಚೇರಿಯಲ್ಲಿ ವಿಚಾರಿಸಿ, ಕೆಲಸಕ್ಕೆ ಸೇರಿದ ಪಕ್ಕದ ಮನೆಯ ಹುಡುಗಿಯನ್ನು ಕೇಳಿ. ಕೆಲಸವನ್ನೇ ಕೊಡಿಸುತ್ತೇನೆ, ಮುಂಗಡ ಕೊಡಿ ಅನ್ನುವವರಿಂದ ದೂರವಿರಿ. ಒಳ್ಳೆಯ ಕೋಚ್ ಹಾಗೆ ಹೇಳುವುದಿಲ್ಲ. ನಿಮ್ಮ ಮಗುವಿನ ಮಾತನ್ನು ತಾಳ್ಮೆಯಿಂದ ಕೇಳುತ್ತಾರೆ, ತಪ್ಪಿದ್ದನ್ನು ತಿದ್ದುತ್ತಾರೆ, ಸೋತಾಗ ಮತ್ತೆ ಕೂರಿಸಿ ಹೇಳಿಕೊಡುತ್ತಾರೆ. ಅವರ ಬಳಿಗೆ ಮಕ್ಕಳನ್ನು ಕಳಿಸಿ. ಸಂದರ್ಶನದ ದಿನ ನೀವು ಹೊರಗೆ ಕಾಯಿರಿ.

ಕೇಳಿದವರಿಗೆಲ್ಲ ಚಲುವರಾಜು ಇಷ್ಟನ್ನೂ ಹೇಳುತ್ತಾನೆ. ಅವರು ತಲೆಯಾಡಿಸುತ್ತಾರೆ, ಕೊನೆಗೆ ದನಿ ತಗ್ಗಿಸಿ, “ಅದ್ಸರಿ, ನಿಜ್ವಾಗ್ಲೂ ಯಾರ್ನ ಇಡ್ದೆ?” ಅನ್ನುತ್ತಾರೆ.

“ಯಾರ್ನೂ ಇಲ್ಲ.”

ಬೆಟ್ಟಮ್ಮನೂ ಒಮ್ಮೆ ಕೇಳಿದಳು. “ನಮ್ಮೂರ ಶಿವಣ್ಣ ಅಲ್ಲೇ ಅಲ್ವಾ ಕೆಲ್ಸ ಮಾಡೋದು? ಅವತ್ತು ಸಿಕ್ಕಿದ್ನಾ?”

ಚಲುವರಾಜು ಹಸುವಿಗೆ ಹುಲ್ಲು ಹಾಕುತ್ತಿದ್ದ. ಆ ಹೆಸರು ಒಂದು ಸಲ ತನ್ನ ಬಾಯಿಂದ ಹೊರಬಿದ್ದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಬೇಡವೆಂದು ತಡೆದದ್ದನ್ನು ಯಾರೂ ನಂಬುವುದಿಲ್ಲ. ಸಂಜೆಯೊಳಗೆ ಊರು ಆ ಕೆಲಸವನ್ನು ಶಿವಣ್ಣನ ಹೆಸರಿಗೆ ಬರೆದುಬಿಡುತ್ತದೆ. ನಯನ ಒಳಗೆ ಒಬ್ಬಳೇ ಕೂತು ಆಡಿದ ಮಾತು ನಯನಳದ್ದಾಗಿ ಉಳಿಯುವುದಿಲ್ಲ.

“ಇಲ್ಲ ಕಣೆ, ಯಾರೂ ಸಿಗ್ನಿಲ್ಲ,” ಅಂದ. ಹೆಂಡತಿಗೂ ಇಲ್ಲ, ಮಗಳಿಗೂ ಇಲ್ಲ, ಇನ್ನು ಯಾರಿಗೂ ಅದನ್ನು ಹೇಳುವುದಿಲ್ಲ ಎಂದು ತೀರ್ಮಾನಿಸಿ, ಇನ್ನೊಂದು ಹಿಡಿ ಹುಲ್ಲು ಎಳೆದುಕೊಂಡ.