ನಡುವೆ ಗೆರೆ ಎಳೆದ ಹಾಳೆ

ಹತ್ತನೇ ತರಗತಿಗೆ ಕನ್ನಡ ಹೇಳಿಕೊಡುತ್ತಿದ್ದ ಮುನಿರಾಮಯ್ಯ ಮೇಷ್ಟ್ರಿಗೆ ಹಳ್ಳಿ ಮತ್ತು ಪಟ್ಟಣ, ಬಸ್ಸು ಮತ್ತು ರೈಲು, ಹಗಲು ಮತ್ತು ಇರುಳು, ಈ ಮೂರರ ಮೇಲೆ ಪ್ರಬಂಧ ಓದಿ ಓದಿ ತಲೆ ಚಿಟ್ಟು ಹಿಡಿದಿತ್ತು. ಜನ್ಮದಲ್ಲಿ ರೈಲು ಹತ್ತದ ಮಕ್ಕಳೆಲ್ಲ ರೈಲಿನ ಗುಣಗಾನ ಮಾಡುತ್ತಿದ್ದರು. ಎಲ್ಲವೂ ಒಂದೇ ಗೈಡಿನಿಂದ ಇಳಿಸಿದ್ದು. ಎಪ್ಪತ್ತನೇ ಇಸವಿಯ ಕಾರ್ತಿಕದಲ್ಲಿ ಮೇಷ್ಟ್ರು ಕಟ್ಟುನಿಟ್ಟು ಮಾಡಿದರು. ತುಲನೆಯ ಪ್ರಬಂಧಕ್ಕೆ ತಾವು ಕಣ್ಣಾರೆ ಕಂಡ ಎರಡು ವಸ್ತುಗಳನ್ನೇ ತೆಗೆದುಕೊಳ್ಳಬೇಕು. ಬರೆಯುವ ಮೊದಲು ಒಂದು ಹಾಳೆಯ ನಡುವೆ ಗೆರೆ ಎಳೆದು, ಅತ್ತ ಒಂದನ್ನು, ಇತ್ತ ಒಂದನ್ನು ಇಟ್ಟು, ಒಂದೊಂದೇ ಅಂಶವನ್ನು ಎದುರುಬದುರು ಗುರುತು ಹಾಕಿಕೊಳ್ಳಬೇಕು. ಇದನ್ನು ಪೂರ್ತಿ ಹೊಗಳಿ ಮುಗಿಸಿ ಆಮೇಲೆ ಅದನ್ನು ಪೂರ್ತಿ ತೆಗಳಿದರೆ ಅದು ತುಲನೆಯಲ್ಲ, ಜಗಳ ಎನ್ನುತ್ತಿದ್ದರು. ಎಲ್ಲಿ ಎರಡೂ ಸಮ, ಎಲ್ಲಿ ಬೇರೆ ಎಂದು ನೋಡಿ, ಕೊನೆಗೆ ಯಾವುದು ಮೇಲು, ಯಾಕೆ ಎಂದು ಧೈರ್ಯವಾಗಿ ಹೇಳಬೇಕು. ಎರಡೂ ಚೆನ್ನಾಗಿವೆ ಎಂದು ಜಾರಿಕೊಂಡವರಿಗೆ ಅರ್ಧ ಅಂಕ.

ಸ್ಕೂಲಿದ್ದ ಸಾಸಲಿಗೆ ಎರಡು ಮೈಲಿ ದೂರದ ಹಳ್ಳಿಯಿಂದ ನಡೆದು ಬರುತ್ತಿದ್ದ ಮುನಿಗಂಗಮ್ಮ ಈ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಮನೆಯಲ್ಲಿ ಅವಳನ್ನು ಗಂಗ ಎನ್ನುತ್ತಿದ್ದರು. ಅವಳು ಆರಿಸಿಕೊಂಡದ್ದು ಮನೆಯ ಎರಡು ಜಮೀನುಗಳನ್ನು: ಗುಡ್ಡದ ಪಕ್ಕದ ಮೇಲಿನ ಹೊಲ, ಕೆರೆ ಕೆಳಗಿನ ಗದ್ದೆ. ನಾಲ್ಕು ಸಂಜೆ ಅಪ್ಪ ಸೊಣ್ಣಪ್ಪನನ್ನು ಕಾಡಿ, ಅವನ ಹಿಂದೆ ಎರಡೂ ಕಡೆ ಸುತ್ತಿ, ಕೇಳಿ ಕೇಳಿ ಬರೆದುಕೊಂಡಳು. ಶನಿವಾರ ಬೆಳಗಿನ ಸ್ಕೂಲು. ಹೊತ್ತಾಯಿತೆಂದು ಓಡುವಾಗ ಪುಸ್ತಕದ ಸಂದಿಯಿಂದ ಆ ಹಾಳೆ ನಡುಮನೆಯಲ್ಲಿ ಜಾರಿ ಬಿತ್ತು. ಅದು ಸಿಕ್ಕಿದ್ದು ಅವಳ ಚಿಕ್ಕಪ್ಪ ರಾಮಾಂಜಿನಪ್ಪನ ಕೈಗೆ. ಕುಡುಗೋಲು ಹುಡುಕಲು ಒಳಗೆ ಬಂದವನು ಹಾಳೆ ಎತ್ತಿಕೊಂಡು ಬಾಗಿಲ ಬೆಳಕಿಗೆ ಬಂದ.

ರಾಮಾಂಜಿನಪ್ಪ ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಕೂಡಿಸಿ ಓದುವ ಹೊತ್ತಿಗೆ ಅವನ ತುಟಿ ಒಣಗಿತು. ಹಾಳೆಯ ತಲೆಯ ಮೇಲೆ ಹೆಸರಿಲ್ಲ, ಪ್ರಬಂಧ ಎಂಬ ಮಾತಿಲ್ಲ. ನಡುವೆ ಅಡಿಕೋಲಿಟ್ಟು ಎಳೆದ ಗೆರೆ. ಎಡಕ್ಕೆ ಮೇಲಿನ ಹೊಲ, ಬಲಕ್ಕೆ ಕೆರೆ ಕೆಳಗಿನ ಗದ್ದೆ. ಮಣ್ಣು ಎಂಬಲ್ಲಿ ಆ ಕಡೆ ಕೆಂಪು, ಕಲ್ಲು ಜಾಸ್ತಿ. ಈ ಕಡೆ ಕಪ್ಪು, ಕಾಲು ಹೂಳುತ್ತದೆ. ನೀರು, ದಾರಿ, ಬೆಳೆ, ತೊಂದರೆ, ಹೀಗೆ ಸಾಲು ಸಾಲು. ಅವುಗಳ ಕೆಳಗೆ, ಎರಡೂ ಸಮ ಎಂದು ಬರೆದು, ಎರಡೂ ತಾತ ಚಿಕ್ಕವೆಂಕಟಪ್ಪನವರ ಕಾಲದವು, ಎರಡರಲ್ಲೂ ಅಪ್ಪ, ಚಿಕ್ಕಪ್ಪ ಇಬ್ಬರ ದುಡಿಮೆ ಇದೆ ಎಂದಿತ್ತು. ತೀರಾ ಕೊನೆಯಲ್ಲಿ, ಯಾವುದು ಮೇಲು, ಯಾಕೆ ಎಂದು ಕೇಳಿ ಜಾಗ ಖಾಲಿ ಬಿಟ್ಟಿತ್ತು.

ಇಂಥ ಹಾಳೆಯನ್ನು ಅವನು ಊರಿನಲ್ಲಿ ಎಷ್ಟೋ ಮನೆಗಳಲ್ಲಿ ನೋಡಿದ್ದ. ಅಣ್ಣತಮ್ಮಂದಿರು ಬೇರೆಯಾಗುವಾಗ ಬರೆಯುವ ಪಾಲುಪಟ್ಟಿ ಹೀಗೇ ಇರುತ್ತದೆ.

ಅಪ್ಪ ಸತ್ತು ಹನ್ನೆರಡು ವರ್ಷವಾದರೂ ಸೊಣ್ಣಪ್ಪ, ರಾಮಾಂಜಿನಪ್ಪ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದರು. ಪಾಲು ಎಂಬ ಮಾತು ಆ ಮನೆಯಲ್ಲಿ ಒಮ್ಮೆಯೂ ಎದ್ದಿರಲಿಲ್ಲ. ಅಣ್ಣ ಹಾಕಿದ ಗೆರೆಯನ್ನು ತಮ್ಮ ದಾಟಿದವನಲ್ಲ, ತಮ್ಮ ಕೇಳಿದ್ದಕ್ಕೆ ಅಣ್ಣ ಇಲ್ಲ ಎಂದವನಲ್ಲ. ಈಗ ರಾಮಾಂಜಿನಪ್ಪನಿಗೆ ನಾಲ್ಕು ದಿನದ ಸಂಜೆಗಳೆಲ್ಲ ಒಟ್ಟಿಗೆ ನೆನಪಾದವು. ಅಣ್ಣ ಮಗಳನ್ನು ಕರೆದುಕೊಂಡು ಬದುವಿನ ಮೇಲೆ ಓಡಾಡಿದ್ದು, ಕೈ ಚಾಚಿ ತೋರಿಸಿದ್ದು, ಅವಳು ಪೆನ್ಸಿಲು ಕಚ್ಚಿಕೊಂಡು ಬರೆದದ್ದು, ತಾನು ಹತ್ತಿರ ಹೋದಾಗ ಇಬ್ಬರೂ ನಕ್ಕು ಸುಮ್ಮನಾದದ್ದು. ನನ್ನ ಕಣ್ಣೆದುರೇ ಬರೆಸಿದನಲ್ಲ, ನನಗೊಂದು ಮಾತು ಹೇಳಬಾರದಿತ್ತೇ ಎಂದು ಸಂಕಟವಾಯಿತು.

ಹೆಂಡತಿ ಲಕ್ಕಮ್ಮನಿಗೆ ಓದು ಬರದು. ಗೆರೆ ನೋಡಿದ್ದೇ ಅವಳಿಗೆ ಸಾಕಾಯಿತು.

"ಅದಕ್ಕೇಯಾ ಅಕ್ಕ ನೆನ್ನೆ ಅಟ್ಟದಿಂದ ಪಾತ್ರೆ ಎಲ್ಲಾ ಇಳಿಸಿ ಲೆಕ್ಕ ಹಾಕ್ತಿದ್ದಿದ್ದು" ಎಂದಳು. ಅಕ್ಕ ಎಂದರೆ ಓರಗಿತ್ತಿ ಪಾಪಮ್ಮ. ಪಾಪಮ್ಮ ಪಾತ್ರೆ ಇಳಿಸಿದ್ದು ಇಲಿ ಹುಡುಕಲು. ಆದರೆ ಅನುಮಾನ ಹೊಕ್ಕ ಮನೆಯಲ್ಲಿ ಇಲಿಯೂ ಸಾಕ್ಷಿ ಹೇಳುತ್ತದೆ.

"ಅಣ್ಣನ್ನ ಕೇಳ್ಬಿಡ್ಲಾ?"

"ಏನಂತ ಕೇಳ್ತೀಯ? ಕದ್ದು ಓದ್ದೆ ಅಂತಲಾ? ಸುಮ್ಕಿರು. ನಾಲ್ಕು ಜನರ ಮುಂದೆ ಪಾಲು ಇಟ್ಟಾಗ ಬಾಯಿ ಬಿಟ್ಕೊಂಡು ನಿಲ್ಬೇಡ, ಅಷ್ಟೇಯ. ಮೊದ್ಲೇ ನೋಡಿ ಮಡಿಕ್ಕೋ."

ಅವಳು ಹೇಳಿದ್ದರಲ್ಲಿ ಹುರುಳಿತ್ತು. ಆ ಕಡೆಯ ಪದ್ಧತಿಯಲ್ಲಿ ಪಾಲು ಮಾಡುವವನು ಅಣ್ಣ, ಮೊದಲು ಆರಿಸುವವನು ತಮ್ಮ. ಆರಿಸಿ ಬಾಯಿಬಿಟ್ಟು ಹೇಳಿದ ಮೇಲೆ ಅಲ್ಲಿಗೆ ಮುಗಿಯಿತು, ಹಿಂದೆ ತೆಗೆದುಕೊಳ್ಳುವಂತಿಲ್ಲ. ಸೊಣ್ಣಪ್ಪ ಎತ್ತುಗಳಿಗೆ ಲಾಳ ಕಟ್ಟಿಸಲು ಬೆಳಗ್ಗೆಯೇ ಸಾಸಲಿಗೆ ಹೋಗಿದ್ದ. ರಾಮಾಂಜಿನಪ್ಪ ಹಾಳೆಯನ್ನು ಅಂಗಿಯೊಳಗೆ ಮಡಚಿಟ್ಟುಕೊಂಡು ಹೊರಟ.

ಮೇಲಿನ ಹೊಲದಲ್ಲಿ ರಾಗಿ ತೆನೆ ಬಾಗಿತ್ತು. ರಾಗಿಯ ನಡುನಡುವೆ ಬಿತ್ತಿದ ಅಕ್ಕಡಿ ಸಾಲಿನ ಅವರೆ ಹೂವಿನ ಸೊಗಡು ಮೂಗಿಗೆ ಬಡಿಯುತ್ತಿತ್ತು. ಬೇರೆ ದಿನವಾಗಿದ್ದರೆ ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅಂದು ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಬದುವಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದ. ಹಾಳೆ ತೆಗೆದು ಓದಿ, ಮಣ್ಣು ಕೆದರಿ ನೋಡಿದ. ಕಲ್ಲು ಜಾಸ್ತಿ ಎಂದು ಬರೆದದ್ದು ನಿಜ. ಗಾಡಿ ಹೊಲದ ನಡುವಿನವರೆಗೂ ಬರುತ್ತದೆ ಎಂದದ್ದೂ ನಿಜ. ತಪ್ಪು ಹುಡುಕಬೇಕೆಂದೇ ಹೋದವನಿಗೆ ಒಂದು ತಪ್ಪೂ ಸಿಗಲಿಲ್ಲ.

ಅಲ್ಲಿಂದ ಕೆರೆ ಕೆಳಕ್ಕೆ ಬಿರಬಿರನೆ ಇಳಿದ. ಗದ್ದೆಗೆ ಗಾಡಿ ದಾರಿ ಇಲ್ಲ, ಪಕ್ಕದ ಗದ್ದೆಯ ಪಿಳ್ಳಪ್ಪನವರ ಬದುವಿನ ಮೇಲೆ ತಲೆಹೊರೆ ಎಂದು ಹಾಳೆ ಹೇಳುತ್ತಿತ್ತು. ಅದು ಅವನ ಕುತ್ತಿಗೆಗೇ ಗೊತ್ತಿದ್ದ ಸಂಗತಿ. ಏಡಿ ಬದು ಕೊರೆಯುತ್ತದೆ ಎಂದಿತ್ತು. ಬಗ್ಗಿ ನೋಡಿದರೆ ಮೂಡಲ ಬದುವಿನಲ್ಲಿ ಸಾಲಾಗಿ ತೂತು. ಇಷ್ಟು ವರ್ಷ ಉತ್ತರೂ ಅವನ ಕಣ್ಣಿಗೆ ಬೀಳದ್ದು ಹದಿನೈದು ವರ್ಷದ ಹುಡುಗಿಗೆ ಕಂಡಿತ್ತು. ಅಣ್ಣ ಎಷ್ಟು ಮುಂದಾಲೋಚನೆಯಿಂದ ಬರೆಸಿದ್ದಾನೆ ಎಂದು ಅವನಿಗೆ ಮತ್ತೂ ಕಸಿವಿಸಿಯಾಯಿತು.

ಮತ್ತೆ ಮೇಲಕ್ಕೆ ಹೋದ, ಮತ್ತೆ ಕೆಳಕ್ಕೆ ಬಂದ. ನೀರಿನ ಸಾಲು ಓದಿದಾಗ ಗದ್ದೆ ಎನಿಸುತ್ತಿತ್ತು, ದಾರಿಯ ಸಾಲು ಓದಿದಾಗ ಹೊಲ ಎನಿಸುತ್ತಿತ್ತು. ನೋಡಿದವರು ಇವನೇನೋ ಕಳೆದುಕೊಂಡಿದ್ದಾನೆ ಎಂದುಕೊಂಡಿರಬೇಕು.

ನಡುಮಧ್ಯಾಹ್ನ ಲಕ್ಕಮ್ಮ ಮುದ್ದೆ ತಂದಳು. ಬುಟ್ಟಿ ಇಳಿಸುವ ಮೊದಲೇ ಶುರುಮಾಡಿದಳು.

"ಹುಡುಗಿ ಸ್ಕೂಲಿಂದ ಬಂದವ್ಳೇ ಆ ಹಾಳೆ ಹುಡುಕ್ತಾ ಮನೆಯೆಲ್ಲಾ ತಲೆಕೆಳಗೆ ಮಾಡ್ತಾವ್ಳೆ. ಅಕ್ಕನೂ ಹುಡುಕ್ತಾವ್ರೆ. ಅಷ್ಟು ಮುಖ್ಯವಾದ ಹಾಳೆ ಅಂದ್ರೆ ಇನ್ನೇನಿರ್ತೈತೆ?"

"ನೀನೇನಂದೆ?"

"ನಾನ್ಯಾಕೆ ಬಾಯಿ ಬಿಡ್ಲಿ?"

ಅವಳು ಹೋದ ಮೇಲೆ ಅವನು ಗದ್ದೆಯ ಮೇಲ್ಗಡೆ ಹೊಂಗೆ ಮರದ ಕೆಳಗೆ ಕೂತು ಮುದ್ದೆ ಮುರಿದ. ಬೆಳಗಿನ ಸಂಕಟ ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಈ ಮೂಲೆಯಲ್ಲಿ ಒಂದು ಬಾವಿ ತೆಗೆಸಿದರೆ ಕೆರೆ ತುಂಬದ ವರ್ಷವೂ ಒಂದು ಬೆಳೆ ಬರುತ್ತದೆ. ಆ ದಿಣ್ಣೆಯ ಮೇಲೆ ಎರಡು ಅಂಕಣದ ಮನೆ ಹಾಕಬಹುದು. ಪಿಳ್ಳಪ್ಪನಿಗೆ ನಾಲ್ಕು ಒಳ್ಳೆಯ ಮಾತು ಹೇಳಿದರೆ ಬದುವಿನ ಪಕ್ಕ ಗಾಡಿ ದಾರಿ ಬಿಟ್ಟಾನು. ಅಣ್ಣನನ್ನು ಕೇಳಿ ಮಾಡಬೇಕಾದ ಕೆಲಸ ಇದರಲ್ಲಿ ಒಂದೂ ಇರಲಿಲ್ಲ. ಹಾಗೆ ಅನಿಸಿದ ಕೂಡಲೇ ಅವನ ಮೈ ಹಗುರವಾಯಿತು. ಹಗುರವಾಯಿತಲ್ಲ ಎಂದು ನಾಚಿಕೆಯೂ ಆಯಿತು. ನಾಚಿಕೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಎದ್ದು ಹೋಗಿ ಬಾವಿಯ ಜಾಗವನ್ನು ಹೆಜ್ಜೆ ಹಾಕಿ ಅಳೆದ.

ಹೊತ್ತು ಮುಳುಗುವಾಗ ಮನೆಗೆ ಬಂದರೆ ಅಣ್ಣ ಅಂಗಳದಲ್ಲಿ ಎತ್ತುಗಳ ಕಾಲು ಎತ್ತಿ ಹೊಸ ಲಾಳ ನೋಡುತ್ತಿದ್ದ. ಪಾಪಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಲಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು. ದಿನವೆಲ್ಲ ಸುತ್ತಿ ದಣಿದಿದ್ದ ರಾಮಾಂಜಿನಪ್ಪನಿಗೆ ಇನ್ನು ಒಂದು ಗಳಿಗೆಯೂ ತಡೆದುಕೊಳ್ಳುವ ತ್ರಾಣ ಇರಲಿಲ್ಲ.

"ಅಣ್ಣ, ನಾನು ಆರಿಸ್ಕೊಂಡಿದ್ದೀನಿ. ಕೆರೆ ಕೆಳಗಿಂದು ನನಗೆ" ಎಂದ.

ಸೊಣ್ಣಪ್ಪ ಎತ್ತಿನ ಕಾಲು ಕೆಳಗಿಟ್ಟ. "ಏನು ಆರಿಸ್ಕೊಂಡ್ಯೋ?"

"ನೀನು ಬರೆಸಿದ್ದೆಲ್ಲಾ ನೋಡಿದೆ. ನನಗೆ ಹೇಳಿ ಬರೆಸಿದ್ರೆ ಬೇಡ ಅಂತಿದ್ನಾ?" ಎಂದು ಅಂಗಿಯೊಳಗಿಂದ ಹಾಳೆ ತೆಗೆದ.

ಅದನ್ನು ನೋಡಿದ್ದೇ ಗಂಗ ಒಳಗಿನಿಂದ ಓಡಿ ಬಂದು ಕೈಗೆ ತೆಗೆದುಕೊಂಡಳು. "ಅಯ್ಯೋ, ಅದು ನನ್ನದು ಚಿಕ್ಕಪ್ಪ. ಮಧ್ಯಾಹ್ನದಿಂದ ಹುಡುಕ್ತಿದ್ದೀನಿ. ಮೇಷ್ಟ್ರು ಸೋಮವಾರ ಪ್ರಬಂಧ ತರಬೇಕು ಅಂದವ್ರೆ" ಎಂದು, ಎರಡು ವಸ್ತು ಆರಿಸುವುದು, ಗೆರೆ ಎಳೆಯುವುದು, ಒಂದೊಂದೇ ಅಂಶ ಎದುರುಬದುರು ಇಡುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕೊನೆಯ ಮಾತು ಇನ್ನೂ ಹೊಳೆದಿಲ್ಲ, ಅದಕ್ಕೇ ಖಾಲಿ ಬಿಟ್ಟಿದ್ದೆ ಎಂದಳು.

ಲಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಾಮಾಂಜಿನಪ್ಪ ನಕ್ಕುಬಿಟ್ಟ. ನಾಲ್ಕನೇ ಕ್ಲಾಸು ಓದಿದವನ ಹಣೆಬರಹ ನೋಡಿ ಅತ್ತಿಗೆ ಎಂದು ಪಾಪಮ್ಮನ ಕಡೆ ತಿರುಗಿದ. ಪಾಪಮ್ಮ ನಗಲಿಲ್ಲ. ಅವಳ ಕೈಯಲ್ಲಿದ್ದ ಅವರೆಕಾಯಿ ಅರ್ಧ ಸುಲಿದಂತೆ ಹಾಗೇ ಇತ್ತು.

ಸೊಣ್ಣಪ್ಪ ಮಗಳ ಕೈಯಿಂದ ಹಾಳೆ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದ. ಸಿಟ್ಟೇನೂ ಇಲ್ಲದ ದನಿಯಲ್ಲಿ ಕೇಳಿದ: "ಗದ್ದೇನೇ ಯಾಕೆ?"

ಸುಮ್ಮನೆ ಅಂದೆ ಅಣ್ಣ ಎನ್ನಬಹುದಿತ್ತು. ಆದರೆ ಉತ್ತರ ಅವನ ಬಾಯಲ್ಲಿ ಮಧ್ಯಾಹ್ನದಿಂದ ಸಿದ್ಧವಾಗಿ ಕೂತಿತ್ತು. "ನೀರಲ್ವಾ ಮುಖ್ಯ? ಹೊಂಗೆ ಮರದ ಮೂಲೇಲಿ ಬಾವಿ ತೆಗೆಸಿದ್ರೆ ಹದಿನೈದು ಅಡಿಗೆ ನೀರು ಬರ್ತೈತೆ. ದಾರಿಗೆ ಪಿಳ್ಳಪ್ಪನ್ನ ಕೇಳ್ಬೋದು. ದಿಣ್ಣೆ ಮೇಲೆ ಎರಡಂಕಣ ಮನೆ ಹಾಕೋಕೂ ಜಾಗ" ಎಂದವನು ಅಲ್ಲಿಗೆ ಮಾತು ನುಂಗಿದ.

ಗಂಗ ಒಮ್ಮೆ ಅಪ್ಪನನ್ನೂ ಒಮ್ಮೆ ಚಿಕ್ಕಪ್ಪನನ್ನೂ ನೋಡಿದಳು. ತಾನೇನು ತಪ್ಪು ಬರೆದೆ ಎಂದು ಅವಳಿಗೆ ತಿಳಿಯಲಿಲ್ಲ.

"ಮನೆ ಜಾಗಾನೂ ನೋಡಿದ್ದೀಯ" ಎಂದ ಸೊಣ್ಣಪ್ಪ.

"ಅದು ಹಂಗಲ್ಲಣ್ಣ. ನೀನೇ ಬರೆಸಿದ್ದು ಅನ್ಕೊಂಡೆ."

"ನಾನು ಬರೆಸಿರ್ಲಿಲ್ಲ. ನನ್ನ ತಲೇಲೂ ಇರ್ಲಿಲ್ಲ. ಬೆಳಗ್ಗೆ ನಿನ್ನ ತಲೇಲೂ ಇರ್ಲಿಲ್ಲ, ಅದು ನನಗೆ ಗೊತ್ತು. ಈಗ ಐತೆ." ಹಾಳೆಯನ್ನು ಮಗಳ ಕೈಗೆ ಕೊಟ್ಟ. "ಇವತ್ತು ತಮಾಷೆ ಅಂತ ನಕ್ಬಿಟ್ರೆ ನಾಳೆಯಿಂದ ನೀನು ಗದ್ದೆಗೆ ಹೋದಾಗೆಲ್ಲಾ ಆ ಮೂಲೆ ನೋಡ್ತೀಯ. ನೀನು ನೋಡೋದನ್ನ ನಾನು ನೋಡ್ತೀನಿ. ರಾಗಿ ಕೊಯ್ಲು ಮುಗೀಲಿ, ನಾಲ್ಕು ಜನಾನ ಕೂರಿಸೋಣ. ಗದ್ದೆ ನಿಂದು."

ಪಾಪಮ್ಮ ಎದ್ದು ಒಳಗೆ ಹೋದಳು. ಒಲೆಯ ಮುಂದೆ ಅವಳು ಮೂಗು ಎಳೆದುಕೊಂಡದ್ದು ಹೊರಗೆ ಕೇಳಿಸಿತು.

ಪದ್ಧತಿ ಏನೇ ಇರಲಿ, ಬೇಡ ಅಣ್ಣ ಎಂದರೆ ಮುಗಿಯುತ್ತಿತ್ತು. ರಾಮಾಂಜಿನಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು. ಈಗಲೇ, ಇಲ್ಲೇ, ಎಲ್ಲರೂ ಕೇಳುವಂತೆ ಒಂದು ಬೇಡ ಎಂದರೆ ಸಾಕು, ಅಣ್ಣ ಬೈದು ಹಣೆ ಚಚ್ಚಿಕೊಂಡು ಊಟಕ್ಕೆ ಕರೆಯುತ್ತಾನೆ. ಹೇಳಲೇಬೇಕೆಂದು ಅವನು ನಿಜವಾಗಿಯೂ ಬಾಯಿ ತೆರೆದ, ಕಣ್ಣಲ್ಲಿ ನೀರೂ ಬಂತು.

"ಎತ್ತು ಯಾರಿಗಣ್ಣ?" ಎಂದ.